ದಾರಿ ಬಿಡದ ಒಂಬತ್ತು ಕಿಲೋಮೀಟರ್

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಕಲಿತವರೇ. ಅವರೆಲ್ಲ ಅವಳನ್ನು ಬ್ರೇಕಕ್ಕ ಎಂದು ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ, ಅವಳ ಕಾಲ ಬುಡಕ್ಕೆ ಇನ್ನೊಂದು ಬ್ರೇಕ್ ಇತ್ತು. ಯಾರಾದರೂ ತಿರುವಿನಲ್ಲಿ ಗಲಿಬಿಲಿಗೊಂಡರೆ ಅವಳು ಕೂಗಾಡುತ್ತಿರಲಿಲ್ಲ, ಮೆಲ್ಲಗೆ ಕಾಲು ಊರುತ್ತಿದ್ದಳು. ಗಾಡಿ ನಿಂತ ಮೇಲೆ, ಈಗ ಏನಾಯಿತು ಹೇಳಿ ನೋಡೋಣ ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಡ್ರೈವಿಂಗ್ ಶಾಲೆಯ ಕಾರಿಗೆ ಹೇಳಿಕೊಳ್ಳುವಂಥ ಒಂದು ಗೀರೂ ಬಿದ್ದಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯೇ ಶಾಲೆ. ಗೋಡೆಗೆ ಕರಿಹಲಗೆ, ನಡುವೆ ಉದ್ದನೆಯ ಮೇಜು. ಮೇಜಿನ ಮೇಲೆ ಬಣ್ಣ ಬಳಿದು ರಸ್ತೆ ಮಾಡಿ, ಬೆರಳುದ್ದದ ಆಟಿಕೆ ಕಾರುಗಳನ್ನು ಇಟ್ಟಿದ್ದಳು. ಹೆದ್ದಾರಿಯ ಪಾಠದ ದಿನ ಅವನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಅವಳು ಹೇಳುತ್ತಿದ್ದುದು ಒಂದೇ ಮಾತು. ಎಡಗಡೆ ಲೇನು ಓಡುವುದಕ್ಕೆ, ಬಲಗಡೆ ಲೇನು ದಾಟುವುದಕ್ಕೆ. ದಾಟಿದ ಮೇಲೆ ವಾಪಸ್ ಎಡಕ್ಕೆ ಬನ್ನಿ, ಬಲಗಡೆ ಮನೆ ಕಟ್ಟಿಕೊಂಡು ಕೂರಬೇಡಿ. ಈ ಮಾತಿಗೆ ಪ್ರತಿ ತಂಡದವರೂ ನಗುತ್ತಿದ್ದರು. ನಕ್ಕಿದ್ದರಿಂದಲೇ ಅದು ಅವರ ತಲೆಯಲ್ಲಿ ಉಳಿಯುತ್ತಿತ್ತು.

ಅವಳ ಗಂಡ ಟೈಲರ್. ಹೇಳಿದ ದಿನಕ್ಕೆ ಬಟ್ಟೆ ಕೊಡುವವನು. ಆಗದಿದ್ದರೆ ಆಗುವುದಿಲ್ಲವೆಂದು ಮುಖಕ್ಕೇ ಹೇಳಿಬಿಡುವವನು. ಟೈಲರುಗಳ ಪೈಕಿ ಇದು ಅಪರೂಪದ ಗುಣ. ಡ್ರೈವಿಂಗ್ ಮಾತ್ರ ಅವನಿಗೆ ಹತ್ತಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಎರಡು ತಿಂಗಳು ಹೆಣಗಾಡಿ, ನಿಮ್ಮ ಕಾಲು ಹೊಲಿಗೆ ಮಿಷನ್ನಿಗೇ ಸರಿ ಎಂದು ಕೈಬಿಟ್ಟಿದ್ದಳು. ಅಂದಿನಿಂದ ಅವನು ಪಕ್ಕದ ಸೀಟಿನವನು. ಕಾರಿನಲ್ಲಿ ಕೂತರೆ ರಸ್ತೆಯ ವಿಷಯ ಮಾತಾಡಬಾರದು ಎನ್ನುವುದು ಇಬ್ಬರ ನಡುವಿನ ಹಳೆಯ ಒಪ್ಪಂದ.

ಆ ಶನಿವಾರ ಇಬ್ಬರೂ ಪಕ್ಕದ ಪಟ್ಟಣದ ಕಾರ್ಖಾನೆಗೆ ಹೋಗಿದ್ದರು. ಅವನು ಹೊಲಿದ ಯೂನಿಫಾರ್ಮುಗಳನ್ನು ತಲುಪಿಸಬೇಕಿತ್ತು. ಗಂಟುಗಳನ್ನು ಒಳಗೆ ಕೊಟ್ಟು ಬರುವಷ್ಟರಲ್ಲಿ, ಗೇಟಿನ ಬಳಿ ನಿಲ್ಲಿಸಿದ್ದ ಶಾಲೆಯ ಕಾರಿನ ಬಲಗಡೆಯ ಕನ್ನಡಿಯನ್ನು ಯಾವನೋ ಉಜ್ಜಿಕೊಂಡು ಹೋಗಿದ್ದ. ನಿಂತು ಒಂದು ಮಾತೂ ಹೇಳಿರಲಿಲ್ಲ. ಕಾವಲುಗಾರ ಕಂಡಿದ್ದು ಇಷ್ಟೇ: ಬಿಳಿ ಕಾರು, ಸಿಕ್ಕಾಪಟ್ಟೆ ಜೋರು. ಗಂಡ ತನ್ನ ಚೀಲದಿಂದ ಅಂಟುಪಟ್ಟಿ ತೆಗೆದು, ಅಳತೆ ಹಿಡಿದವನ ಹಾಗೆ ನೀಟಾಗಿ ಕನ್ನಡಿಯನ್ನು ಸುತ್ತಿ ನಿಲ್ಲಿಸಿದ. ಅವಳು ತುಟಿಪಿಟಕ್ ಎನ್ನದೆ ಕಾರು ಹೊರಡಿಸಿದಳು.

ಹೆದ್ದಾರಿಗೆ ಬಂದ ಮೇಲೆ ಒಂದು ಟ್ಯಾಂಕರ್ ಸಿಕ್ಕಿತು. ಅದನ್ನು ದಾಟಲು ಬಲಗಡೆಯ ಲೇನಿಗೆ ಬಂದಳು, ದಾಟಿದಳು. ಅಲ್ಲಿಂದ ಎಡಕ್ಕೆ ಬರಬೇಕಿತ್ತು. ಎಡಗಡೆ ಕಣ್ಣು ಹಾಯುವಷ್ಟು ದೂರ ಖಾಲಿ ಇತ್ತು. ಮುಳ್ಳು ಎಂಬತ್ತರ ಮೇಲೆ ನಿಂತಿತ್ತು. ಆ ರಸ್ತೆಯ ಮಿತಿಯೂ ಎಂಬತ್ತೇ. ಆಗ ಹಿಂದೆ, ಸಾಕಷ್ಟು ದೂರದಲ್ಲಿ, ಒಂದು ವ್ಯಾನ್ ಎರಡು ಸಲ ಲೈಟು ಮಿನುಗಿಸಿತು. ಹಾರ್ನ್ ಇಲ್ಲ, ಮೈಮೇಲೆ ಬರುವುದಿಲ್ಲ. ದಾರಿ ಬಿಡಿ ಎಂದು ಮರ್ಯಾದೆಯಿಂದಲೇ ಕೇಳಿದ ಹಾಗಿತ್ತು. ಅವಳಿಗೆ ಮಾತ್ರ ಕಾರ್ಖಾನೆಯ ಗೇಟಿನ ಬಿಳಿ ಕಾರೇ ವೇಷ ಬದಲಿಸಿ ಬಂದಂತೆ ಕಂಡಿತು.

ಎರಡು ಕಿಲೋಮೀಟರ್ ಕಲ್ಲು ಕಳೆದ ಮೇಲೆ ಗಂಡ ಒಪ್ಪಂದ ಮುರಿದ.

"ಹಿಂದೆ ಯಾರೋ ಲೈಟ್ ಹಾಕ್ತಿದಾರೆ."

"ಕಾಣ್ತಾ ಇದೆ."

"ಎಡಗಡೆ ಖಾಲಿ ಇದ್ಯಲ್ಲೇ. ಹೋಗ್ಲಿ ಬಿಡು."

"ನಾನು ಎಂಬತ್ತರಲ್ಲಿ ಹೋಗ್ತಿದೀನಿ. ಅದಕ್ಕಿಂತ ಜೋರಾಗಿ ಹೋಗೋ ಹಕ್ಕು ಅವನಿಗಿಲ್ಲ. ನಾನ್ಯಾಕೆ ಬಿಡ್ಲಿ?"

ಗಂಡ ಕಿಟಕಿಯ ಆಚೆ ನೋಡುತ್ತ ಕೂತ. ಮೂರು, ನಾಲ್ಕು, ಆರು ಕಲ್ಲು ಹೋದವು. ವ್ಯಾನಿನವನು ಅಂತರ ಬಿಟ್ಟುಕೊಂಡೇ ಬರುತ್ತಿದ್ದ. ಆಗಾಗ ಲೈಟು ಮಿನುಗಿಸಿ ಸುಮ್ಮನಾಗುತ್ತಿದ್ದ. ಅವನ ಆ ತಾಳ್ಮೆ ಕಂಡು ಅವಳ ಹಟ ಇನ್ನೂ ಬಿಗಿಯಾಯಿತು. ಒಂಬತ್ತನೆಯ ಕಲ್ಲಿನ ಹತ್ತಿರ ಅವನಿಗೆ ಸಾಕಾಗಿರಬೇಕು. ಎಡಕ್ಕೆ ಸರಿದು ವೇಗ ಹೆಚ್ಚಿಸಿದ. ವ್ಯಾನಿನ ಮೂತಿ ಗಂಡನ ಕಿಟಕಿಯ ಮಟ್ಟಕ್ಕೆ ಬಂತು, ಇನ್ನಷ್ಟು ಮುಂದಕ್ಕೂ ಹೋಯಿತು. ಅದರ ಮೈಮೇಲೆ ಬಿಡಿಸಿದ್ದ ದೊಡ್ಡ ಬ್ರೆಡ್ಡಿನ ಚಿತ್ರ ಆ ಕಿಟಕಿಯಾಚೆ ಜಾರುತ್ತಿತ್ತು.

ಆಗ ಅವಳ ಬಲಗಾಲು ಕೆಳಕ್ಕೆ ಇಳಿಯಿತು. ಅದು ತಾನಾಗಿ ಇಳಿಯಲಿಲ್ಲ, ಅವಳೇ ಇಳಿಸಿದಳು. ಎಂಜಿನ್ನಿನ ದನಿ ಏರಿತು. ಕಾರು ಮತ್ತೆ ವ್ಯಾನಿನ ಪಕ್ಕಕ್ಕೆ ಬಂದು ಬೆಸೆದುಕೊಂಡಂತೆ ಜೊತೆಗೆ ಓಡಿತು. ಮುಂದೆ ರಸ್ತೆ ಸ್ವಲ್ಪ ದಿಬ್ಬವಾಗಿತ್ತು. ದಿಬ್ಬದಾಚೆ, ಎಡಗಡೆಯ ಲೇನಿನಲ್ಲಿ, ಚಕ್ರ ಬಿಚ್ಚಿಕೊಂಡು ಒಂದು ಲಾರಿ ನಿಂತಿತ್ತು. ಎಚ್ಚರಿಕೆಗೆಂದು ಅದರ ಹಿಂದೆ ಇಟ್ಟಿದ್ದುದು ಒಂದು ಸೊಪ್ಪಿನ ಕೊಂಬೆ ಮಾತ್ರ.

ವ್ಯಾನಿನವನಿಗೆ ಬಲಕ್ಕೆ ಬರಲು ಜಾಗವಿರಲಿಲ್ಲ. ಆ ಜಾಗದಲ್ಲಿ ಅವಳಿದ್ದಳು.

ಆಮೇಲೆ ಅವಳು ಮಾಡಿದ್ದೆಲ್ಲ ಪಾಠದ ಪುಸ್ತಕದಲ್ಲಿದ್ದಂತೆ. ಕಾರನ್ನು ದೂರದಲ್ಲಿ ಅಂಚಿಗೆ ನಿಲ್ಲಿಸಿದಳು. ಗಂಡನ ಚೀಲದಲ್ಲಿದ್ದ ಕೆಂಪು ಬಟ್ಟೆಯ ತುಂಡನ್ನು ಹಿಡಿದು ದಿಬ್ಬದ ಮೇಲೆ ಓಡಿ, ಹಿಂದೆ ಬರುತ್ತಿದ್ದ ಗಾಡಿಗಳನ್ನು ತಡೆದಳು. ಗಂಡ ಆಂಬುಲೆನ್ಸಿಗೆ ಫೋನ್ ಮಾಡಿದ. ರಸ್ತೆಯ ತುಂಬ ಬ್ರೆಡ್ಡುಗಳು ಚೆಲ್ಲಿದ್ದವು. ವ್ಯಾನಿನ ಮೂತಿ ಲಾರಿಯ ಅಡಿಗೆ ಸಿಕ್ಕಿಕೊಂಡಿತ್ತು. ಒಳಗಿದ್ದವನು ಸುಮಾರು ನಲವತ್ತರ ಆಳು, ಎಚ್ಚರವಿತ್ತು. ಕಾಲು, ಕಾಲು ಎಂದಷ್ಟೇ ಹೇಳುತ್ತಿದ್ದ. ಅವನನ್ನು ಎಳೆದಾಡಬೇಡಿ ಎಂದು ಸುತ್ತಲಿದ್ದವರನ್ನು ಅವಳು ತಡೆದಳು. ಆಂಬುಲೆನ್ಸಿನವರು ಬಂದು, ತಡೆದದ್ದು ಒಳ್ಳೆಯದಾಯಿತು ಎಂದರು.

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅವಳಿಗೆ ಕುರ್ಚಿ ಎಳೆದು ಕೊಟ್ಟ. ಅವನ ಅತ್ತಿಗೆಯೂ ಅವಳ ಹತ್ತಿರವೇ ಕಲಿತವಳು. ಟೀ ತರಿಸಿ, ಹೇಳಿಕೆ ಬರೆದುಕೊಳ್ಳುತ್ತ, ನಿಮ್ಮ ವೇಗ ಎಷ್ಟಿತ್ತು ಎಂದು ಕೇಳಿದ. ಎಂಬತ್ತು ಎಂದಳು. ಒಂದೇ ವೇಗದಲ್ಲಿ ಇದ್ದಿರಾ ಎಂದು ಕೇಳಿದ. ಹೌದು ಎಂದಳು. ಇದೆಲ್ಲ ಅವಳ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ಇನ್ಸ್‌ಪೆಕ್ಟರ್ ಪೆನ್ನು ಮುಚ್ಚುತ್ತ, ಕಲಿಸುವವರೇ ಹೇಳಿದ ಮೇಲೆ ಇನ್ನೇನಿದೆ ಎಂದ. ಲೆಕ್ಕಕ್ಕಿರಲಿ ಎಂದು ಗಂಡನ ಕಡೆಗೂ ತಿರುಗಿದ.

ಗಂಡ ಟೀ ಲೋಟವನ್ನೇ ನೋಡುತ್ತ ಹೇಳಿದ. "ಅವಳು ಒಂದೇ ಸಮ ಹೋಗ್ತಿದ್ಲು ಸಾರ್. ಅವನೇ ಇದ್ದಕ್ಕಿದ್ದ ಹಾಗೆ ನುಗ್ಗಿ ಬಂದ."

ಹನ್ನೊಂದು ದಿನ ತಡವಾಗುತ್ತೆ ಎಂದರೆ ಹನ್ನೊಂದೇ ದಿನ ಎನ್ನುವ ಮನುಷ್ಯ ಅವನು. ಅವಳು ಅವನ ಮುಖ ನೋಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಆ ಮಾತನ್ನು ಎತ್ತಲಿಲ್ಲ, ಮರುದಿನವೂ ಎತ್ತಲಿಲ್ಲ. ಊಟಕ್ಕೆ ಕೂತಾಗ ಉಪ್ಪು ಕೊಡು, ನೀರು ಕೊಡು ಎನ್ನುವುದಕ್ಕಷ್ಟೇ ಬಾಯಿ ಬಿಡುತ್ತಿದ್ದರು.

ವಾರದೊಳಗೆ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಡ್ರೈವಿಂಗ್ ಶಿಕ್ಷಕಿಯ ಸಮಯಪ್ರಜ್ಞೆಯಿಂದ ಚಾಲಕನ ಜೀವ ಉಳಿಯಿತು ಎಂದಿತ್ತು. ವಿದ್ಯಾರ್ಥಿಗಳಲ್ಲಿ ಯಾರೋ ಅದನ್ನು ಕತ್ತರಿಸಿ ಕರಿಹಲಗೆಯ ಮೂಲೆಗೆ ಅಂಟಿಸಿದರು. ಕಿತ್ತುಹಾಕಿದರೆ ಯಾಕೆಂದು ಕೇಳುತ್ತಾರೆ. ಬಿಟ್ಟರೆ ಪಾಠ ಮಾಡುವಾಗೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಅವಳು ಬಿಟ್ಟಳು. ಕರಿಹಲಗೆಯ ಆ ಮೂಲೆಯಲ್ಲಿ ಬರೆಯುವುದನ್ನು ಮಾತ್ರ ನಿಲ್ಲಿಸಿದಳು.

ವ್ಯಾನಿನವನ ಸುದ್ದಿ ಅವಳು ಕೇಳದಿದ್ದರೂ ಕಿವಿಗೆ ಬೀಳುತ್ತಿತ್ತು. ಬೀದಿ ತುದಿಯ ಅಂಗಡಿಗೆ ಈಗ ಬೇರೆ ಯಾರೋ ಬ್ರೆಡ್ ತರುತ್ತಿದ್ದರು. ಹಳಬನ ಎಡಗಾಲಿನ ಮಂಡಿ ಪುಡಿಪುಡಿಯಾಗಿದೆಯಂತೆ, ಬೇಕರಿಯವರು ಕೆಲಸದಿಂದ ತೆಗೆದರಂತೆ, ಪೊಲೀಸರು ಎಲ್ಲಾ ತಪ್ಪನ್ನೂ ಅವನ ತಲೆಗೇ ಕಟ್ಟಿದ್ದಾರಂತೆ ಎಂದು ಅಂಗಡಿಯವನು ಬೇರೆಯವರಿಗೆ ಹೇಳುವುದನ್ನು ಅವಳು ಸಾಬೂನು ಆರಿಸುವವಳ ಹಾಗೆ ನಿಂತು ಕೇಳಿಸಿಕೊಂಡಳು. ಅಂಗಡಿಯವನು ಕೊನೆಗೆ, ಇವರಿಲ್ಲದಿದ್ದರೆ ಅವನು ಅಲ್ಲೇ ಹೋಗಿಬಿಡುತ್ತಿದ್ದ ಎಂದು ಅವಳ ಕಡೆ ಕೈ ತೋರಿಸಿದ. ಸಾಬೂನು ಕೊಳ್ಳದೆಯೇ ಅವಳು ಮನೆಗೆ ಬಂದಳು.

ಹೆದ್ದಾರಿಯ ಪಾಠವನ್ನು ಅವಳು ಎರಡು ವಾರ ಮುಂದೂಡಿದಳು. ಗೇರಿನ ಪಾಠವನ್ನೇ ಎಳೆದಳು, ಟೈರಿನ ಗಾಳಿಯ ಬಗ್ಗೆ ಒಂದು ಗಂಟೆ ಕೊರೆದಳು. ಮೂರನೆಯ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ಆ ತಂಡದಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದಳು. ಐವತ್ತೆಂಟಕ್ಕೆ ಕಾರು ಕಲಿಯಲು ಬಂದವಳು; ಎಲ್ಲವನ್ನೂ ಸಣ್ಣ ನೋಟುಪುಸ್ತಕದಲ್ಲಿ ಬರೆದುಕೊಳ್ಳುವವಳು. ಬ್ರೇಕಕ್ಕ ಆಟಿಕೆ ಕಾರುಗಳನ್ನು ಸರಿಸುತ್ತ, ದಾಟಿದ ಮೇಲೆ ಎಡಕ್ಕೆ ಬನ್ನಿ ಎನ್ನುವಷ್ಟರಲ್ಲಿ ನರ್ಸಮ್ಮ ಕೈ ಎತ್ತಿದಳು.

"ಒಂದು ಡೌಟು ಮೇಡಂ. ನಾನು ಮಿತಿಯಲ್ಲೇ ಹೋಗ್ತಿದೀನಿ ಅಂತಿಟ್ಕೊಳ್ಳಿ. ಹಿಂದಿನವನಿಗೆ ಮಿತಿ ಮೀರಿ ಹೋಗ್ಬೇಕು. ತಪ್ಪು ಅವನದ್ದಲ್ವಾ? ನಾನ್ಯಾಕೆ ಜಾಗ ಬಿಡ್ಬೇಕು?"

ಅದೇ ಮಾತು, ಅದೇ ಧಾಟಿ. ಬ್ರೇಕಕ್ಕನ ಕೈಯಲ್ಲಿದ್ದ ಆಟಿಕೆ ಕಾರು ಮೇಜಿನ ಮೇಲೇ ನಿಂತಿತು. ಉತ್ತರ ಅವಳಿಗೆ ಗೊತ್ತಿತ್ತು. ನೂರು ಸಲ ಹೇಳಿದ ಉತ್ತರ.

"ರಸ್ತೆ ಮೇಲೆ ಪೊಲೀಸ್ ಕೆಲಸ ನಮ್ದಲ್ಲ. ಅವನು ಜೋರಾಗಿ ಹೋಗೋದು ಅವನ ತಪ್ಪು, ಅದನ್ನ ನೋಡ್ಕೊಳ್ಳೋರು ಬೇರೆ ಇದಾರೆ. ನಾವು ಅಡ್ಡ ನಿಂತ್ರೆ ಅವನು ನಿಧಾನ ಆಗಲ್ಲ. ಎಡಗಡೆಯಿಂದ ನುಗ್ತಾನೆ. ಎಡಗಡೆ ಏನಿದ್ಯೋ ನಮಗೂ ಗೊತ್ತಿರಲ್ಲ, ಅವನಿಗೂ ಗೊತ್ತಿರಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. "ಇನ್ನೊಂದು. ಯಾರಾದ್ರೂ ನಿಮ್ಮನ್ನ ದಾಟೋವಾಗ ಆಕ್ಸಿಲರೇಟರಿಂದ ಕಾಲು ತೆಗೀರಿ. ಒತ್ತಬೇಡಿ. ಯಾವ ಕಾರಣಕ್ಕೂ ಒತ್ತಬೇಡಿ."

ನರ್ಸಮ್ಮ ಅದನ್ನು ಬರೆದುಕೊಂಡು, ಒತ್ತಬೇಡಿ ಎನ್ನುವುದರ ಕೆಳಗೆ ಗೆರೆ ಎಳೆದಳು. ಆಮೇಲೆ ತಲೆಯೆತ್ತಿ, ಅಂಥ ಕೆಲಸ ಯಾರು ಮಾಡುತ್ತಾರೆ ಮೇಡಂ ಎಂದು ನಕ್ಕಳು. ಉಳಿದವರೂ ನಕ್ಕರು. ಬ್ರೇಕಕ್ಕ ತಲೆನೋವೆಂದು ಹೇಳಿ ಪಾಠವನ್ನು ಅರ್ಧಕ್ಕೇ ಮುಗಿಸಿದಳು.

ಮನೆಯಲ್ಲಿ ಗಂಡ ಒಂದು ಕೋಟಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಬಾಗಿಲಲ್ಲೇ ನಿಂತು, ಆ ವ್ಯಾನಿನವನ ಮನೆಗೆ ಹೋಗಿಬರುತ್ತೇನೆ ಎಂದಳು. ಅವನು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಹೋಗಿ ಏನು ಮಾಡುತ್ತೀಯ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಆಮೇಲೆ, ನಾನು ಕಾಲು ಒತ್ತಿದ್ದು ನಿಮಗೆ ಗೊತ್ತಾಗಿತ್ತಾ ಎಂದು ಕೇಳಿದಳು. ಇಷ್ಟು ದಿನ ಇಬ್ಬರ ನಡುವೆ ಮುಚ್ಚಿಟ್ಟ ಪಾತ್ರೆಯ ಹಾಗಿದ್ದ ಮಾತು ಅದು.

"ಗಾಡಿ ಓಡ್ಸೋಕೆ ಬರಲ್ಲ ನನಗೆ, ಕಿವಿ ಕೇಳುತ್ತಲ್ಲ," ಎಂದ ಅವನು. "ಮಿಷನ್ ಜೋರಾಗಿದ್ದು ಗೊತ್ತಾಗಲ್ವಾ? ಗೊತ್ತಿದ್ದೇ ಹಾಗೆ ಹೇಳ್ದೆ. ನಿನ್ನನ್ನ ಬೈಯೋ ಯೋಗ್ಯತೆ ನನಗಿಲ್ಲ. ಹೋಗೋದಾದ್ರೆ ಹೋಗು. ಬೇಡ ಅನ್ನಲ್ಲ."

ಅವಳು ಕಾರು ತೆಗೆಯಲಿಲ್ಲ. ಅಂಗಡಿಯವನಿಂದ ವಿಳಾಸ ತಿಳಿದುಕೊಂಡು ನಡೆದೇ ಹೋದಳು. ಮರದ ಡಿಪೋದ ಹಿಂದೆ ಎರಡು ಕೋಣೆಯ ಮನೆ. ಗರಗಸದ ಸದ್ದು ಮನೆಯೊಳಗೂ ಕೇಳುತ್ತಿತ್ತು. ವ್ಯಾನಿನವನ ಹೆಂಡತಿ ಬಾಗಿಲು ತೆರೆದಳು. ಅವಳು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಕೈಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ಯಾರು ಎಂದು ತಿಳಿದ ಕೂಡಲೇ ಅವಳ ಮುಖ ಅರಳಿತು. ರೀ, ಇವರೇ ಅಂತೆ ನಿಮ್ಮನ್ನು ಉಳಿಸಿದವರು ಎಂದು ಒಳಗೆ ಕೂಗಿ, ಸ್ಟೂಲು ತಂದಿಟ್ಟಳು. ಬ್ರೇಕಕ್ಕನಿಗೆ ಆ ಸ್ಟೂಲಿನ ಮೇಲೆ ಕೂರಲು ಮನಸ್ಸು ಬರಲಿಲ್ಲ.

ವ್ಯಾನಿನವನು ಕಿಟಕಿಯ ಪಕ್ಕ ಮಂಚದ ಮೇಲಿದ್ದ. ಎಡಗಾಲಿಗೆ ಕಬ್ಬಿಣದ ಸರಳುಗಳ ಪಂಜರ. ಅವನು ಅವಳನ್ನು ತುಂಬ ಹೊತ್ತು ನೋಡಿದ. ನಿಮ್ಮ ಕಾರಿನ ಹಿಂದೆ ಬರೆದಿರುವುದು ನನಗೆ ಬಾಯಿಪಾಠವಾಗಿದೆ ಮೇಡಂ, ಫೋನ್ ನಂಬರ್ ಸಮೇತ ಎಂದು ಸಣ್ಣಗೆ ನಕ್ಕ. ಆಮೇಲೆ ತಾನಾಗಿಯೇ ಹೇಳತೊಡಗಿದ. ಆ ದಿನ ಬೇಕರಿಯ ಒಲೆ ಕೆಟ್ಟು ಹೊರಟದ್ದೇ ತಡವಾಗಿತ್ತಂತೆ. ಹದಿನಾಲ್ಕು ಅಂಗಡಿಗೆ ಬ್ರೆಡ್ ಕೊಡಬೇಕಿತ್ತಂತೆ. ಎಡಗಡೆಯಿಂದ ದಾಟಬಾರದೆಂದು ಗೊತ್ತಿದ್ದೂ ದಾಟಿದೆ, ಅದು ನನ್ನ ತಪ್ಪೇ ಎಂದ. ಅವನು ಹೀಗೆ ತನ್ನ ಪಾಲನ್ನು ತಾನೇ ಎತ್ತಿಕೊಳ್ಳುತ್ತ ಹೋದಷ್ಟೂ ಅವಳಿಗೆ ತನ್ನ ಪಾಲು ಎದ್ದು ಕಾಣತೊಡಗಿತು.

"ಒಂದು ಮಾತ್ರ ಕೇಳ್ಬೇಕಿತ್ತು ನಿಮ್ಮನ್ನ," ಎಂದ ಅವನು. "ನಾನು ಎಡಕ್ಕೆ ಬಂದ್ಮೇಲೆ ನಿಮ್ಮ ಗಾಡಿ ಹಿಂದೆ ಬೀಳ್ತಾ ಇತ್ತು. ಆಮೇಲೆ ಮತ್ತೆ ಪಕ್ಕಕ್ಕೆ ಬಂತು. ಇನ್ಸ್‌ಪೆಕ್ಟರಿಗೆ ಹೇಳ್ದೆ. ತಲೆಗೆ ಏಟು ಬಿದ್ದೋರಿಗೆ ಹಾಗೆಲ್ಲ ಅನ್ಸುತ್ತೆ, ಆಕೆ ಕಲಿಸೋರು, ಹಾಗೆ ಮಾಡಲ್ಲ ಅಂದ್ರು. ಇರಬಹುದು ಅಂದ್ಕೊಂಡೆ. ಆದ್ರೆ ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ನನ್ನ ತಲೆ ನೆಟ್ಟಗಿದ್ಯಾ ಇಲ್ವಾ ಅಂತ ಗೊತ್ತಾಗ್ಬೇಕು ಮೇಡಂ, ಅಷ್ಟೇ."

ಹೊರಗೆ ಗರಗಸ ನಿಂತಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು.

"ನಿಮ್ಮ ತಲೆ ನೆಟ್ಟಗಿದೆ," ಎಂದಳು ಬ್ರೇಕಕ್ಕ. "ನಾನೇ ಒತ್ತಿದೆ. ನೀವು ಮುಂದೆ ಹೋಗಬಾರದು ಅಂತ ಒತ್ತಿದೆ. ಒಂಬತ್ತು ಕಿಲೋಮೀಟರ್ ದಾರಿ ಬಿಡದೇ ಇದ್ದಿದ್ದೂ ಬೇಕಂತಲೇ. ಪೊಲೀಸರ ಹತ್ತಿರ ಸುಳ್ಳು ಹೇಳಿದೀನಿ."

ಅವನು ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟ. ಅದು ಸಿಟ್ಟೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಹೆಂಡತಿ ಮಾತ್ರ ಲೋಟವನ್ನು ಒಳಗೆ ಇಟ್ಟು ಬಂದಳು. ಸ್ಟೂಲನ್ನು ಎತ್ತಿ ಗೋಡೆಗೆ ಒರಗಿಸಿ, ತಣ್ಣನೆಯ ದನಿಯಲ್ಲಿ ಹೇಳಿದಳು.

"ಇಲ್ಲಿ ಹೇಳಿ ಏನು ಬಂತು? ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳಿ."

ಬ್ರೇಕಕ್ಕ ಬಾಗಿಲು ದಾಟಿ ಡಿಪೋದ ಮರದ ಹೊಟ್ಟಿನ ಮೇಲೆ ನಡೆಯುತ್ತ ಬಂದಳು. ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬಾಗಿಲು ತೆರೆದಾಗ ಅರಳಿದ್ದ ಆ ಹೆಂಗಸಿನ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಠಾಣೆಗೆ ಹೋದರು. ಬರುತ್ತೀರಾ ಎಂದು ಅವಳು ಕೇಳಿರಲಿಲ್ಲ. ಅವನು ತಾನಾಗಿಯೇ ಚಪ್ಪಲಿ ಮೆಟ್ಟಿ ಹೊರಗೆ ನಿಂತಿದ್ದ. ಇನ್ಸ್‌ಪೆಕ್ಟರ್ ಎಲ್ಲ ಕೇಳಿಕೊಂಡು ಹಣೆ ಉಜ್ಜಿಕೊಂಡ. ಇದೆಲ್ಲ ಬೇಕಿತ್ತಾ ಮೇಡಂ, ಕೇಸು ಮುಗಿಯುವ ಹಂತದಲ್ಲಿದೆ, ನಿಮ್ಮ ಲೈಸೆನ್ಸಿಗೆ ಸಂಚಕಾರ ಬರುತ್ತೆ, ಶಾಲೆಗೂ ಬರುತ್ತೆ ಎಂದ. ಬರಲಿ, ಬರೆದುಕೊಳ್ಳಿ ಎಂದಳು. ಅವನು ಹಳೆಯ ಕಡತ ತರಿಸಿದ. ಈ ಸಲ ಟೀ ತರಿಸಲಿಲ್ಲ. ಅವಳ ಹೇಳಿಕೆ ಮುಗಿದ ಮೇಲೆ ಗಂಡನೂ ಹೇಳಿದ. ಹೋದ ಸಲ ನಾನು ಹೇಳಿದ್ದು ಸುಳ್ಳು, ಕೇಳಿದ್ದೇ ಬೇರೆ, ಹೇಳಿದ್ದೇ ಬೇರೆ ಎಂದು ಒಂದೊಂದೇ ಮಾತನ್ನು ಹೊಲಿಗೆ ಹಾಕುವವನಂತೆ ನಿಧಾನವಾಗಿ ಹೇಳಿ ಸಹಿ ಹಾಕಿದ. ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಅವಳು ಕಂಡದ್ದು ಅದೇ ಮೊದಲು. ತನ್ನ ಲೈಸೆನ್ಸು ಹೋಗುವುದಕ್ಕಿಂತ ಅದು ಅವಳನ್ನು ಹೆಚ್ಚು ನೋಯಿಸಿತು.

ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಕೊನೆಗೆ ತಪ್ಪನ್ನು ಮೂವರಿಗೂ ಹಂಚಿದರು. ಎಚ್ಚರಿಕೆಯ ಫಲಕವಿಲ್ಲದೆ ಲೇನಿನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಲಾರಿಯವನು, ಎಡದಿಂದ ದಾಟಿದ್ದಕ್ಕೆ ವ್ಯಾನಿನವನು, ಅಡ್ಡಗಟ್ಟಿ ವೇಗ ಹೆಚ್ಚಿಸಿದ್ದಕ್ಕೆ ಅವಳು. ಅವಳ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಪತ್ರಿಕೆಯಲ್ಲಿ ಅದೂ ಬಂತು, ನಾಲ್ಕಲ್ಲ, ಹದಿನೈದು ಸಾಲು. ಕರಿಹಲಗೆಯ ಮೂಲೆಯಲ್ಲಿದ್ದ ಹಳೆಯ ತುಂಡನ್ನು ಅವಳೇ ಉಗುರಿನಿಂದ ಕೆರೆದು ತೆಗೆದಳು. ಕಲಿಯುವವರಲ್ಲಿ ಅರ್ಧ ಜನ ಬಿಟ್ಟುಹೋದರು. ಅವಳ ಬಳಿ ಕೆಲಸಕ್ಕಿದ್ದ ಒಬ್ಬ ನಿವೃತ್ತ ಬಸ್ ಡ್ರೈವರ್ ಉಳಿದವರಿಗೆ ಕಾರಿನಲ್ಲಿ ಕಲಿಸಿದ. ಅವಳು ಕೋಣೆಯಲ್ಲಿ ಕೂತು ಬರೇ ಪಾಠ ಹೇಳಿದಳು. ನರ್ಸಮ್ಮ ಬಿಡಲಿಲ್ಲ. ವಿಷಯ ಗೊತ್ತಾದ ಮರುದಿನ ಬಂದು, ಏನೂ ಕೇಳದೆ ಮುಂದಿನ ಸಾಲಿನಲ್ಲಿ ಕೂತು ನೋಟುಪುಸ್ತಕ ತೆರೆದಳು.

ವ್ಯಾನಿನವನ ಮಂಡಿ ಮತ್ತೆ ಮಡಚಲಿಲ್ಲ. ಕ್ಲಚ್ ಒತ್ತುವ ಕಾಲು ಅದು. ತಪ್ಪೆಲ್ಲ ಅವನದ್ದಲ್ಲ ಎಂದಾದ ಮೇಲೆ ಬೇಕರಿಯವರು ಅವನನ್ನು ಕರೆದು, ಕೂತು ಮಾಡುವ ಕೆಲಸ ಕೊಟ್ಟರು. ವ್ಯಾನಿಗೆ ಆಳು ಬೇಕಿತ್ತು. ನಿನ್ನ ಹೆಂಡತಿ ಕಲಿತರೆ ಅವಳಿಗೇ ಕೊಡುತ್ತೇವೆ ಎಂದರು.

ಹೀಗಾಗಿ ಒಂದು ಬೆಳಿಗ್ಗೆ ಆ ಹೆಂಗಸು ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬಂದಳು. ಬ್ರೇಕಕ್ಕ ಎದ್ದು ನಿಂತಳು. ಬಂದವಳು ಕೂರಲಿಲ್ಲ.

"ಈ ಊರಲ್ಲಿ ಬೇರೆ ಡ್ರೈವಿಂಗ್ ಸ್ಕೂಲಿಲ್ಲ. ಅದಕ್ಕೇ ಬಂದೆ," ಎಂದಳು. "ಬೇರೆ ಏನೂ ಅಂದ್ಕೋಬೇಡಿ."

ಬ್ರೇಕಕ್ಕ ದಾಖಲಾತಿಯ ಪುಸ್ತಕ ತೆರೆದು ಅವಳ ಹೆಸರು ಬರೆದುಕೊಂಡಳು. ಮೊದಲ ಎರಡು ತಿಂಗಳು ಬಸ್ ಡ್ರೈವರನೇ ಅವಳಿಗೆ ಕಲಿಸಿದ. ಕೋಣೆಯ ಪಾಠಕ್ಕೆ ಅವಳು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಪ್ರಶ್ನೆ ಕೇಳುತ್ತಿರಲಿಲ್ಲ. ಕಲಿಕೆಯಲ್ಲಿ ಮಾತ್ರ ಚುರುಕು. ಗಂಡ ಮಂಚದ ಮೇಲೆ ಕೂತೇ ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿ ಅವಳಿಗೆ ಹೇಳಿಕೊಡುತ್ತಾನಂತೆ ಎಂದು ಬಸ್ ಡ್ರೈವರ್ ತಿಳಿಸಿದ.

ಆರು ತಿಂಗಳು ಕಳೆದು ಲೈಸೆನ್ಸು ಕೈಗೆ ಬಂದ ವಾರವೇ ಬಸ್ ಡ್ರೈವರನಿಗೆ ಜ್ವರ ಬಂತು. ಹೆಂಗಸಿನ ಪರೀಕ್ಷೆ ಹತ್ತಿರವಿತ್ತು; ಹೆದ್ದಾರಿಯ ಅಭ್ಯಾಸವೊಂದೇ ಬಾಕಿ. ಬೇಕಾದರೆ ಮುಂದಿನ ತಿಂಗಳಿಗೆ ಇಟ್ಟುಕೊಳ್ಳೋಣ ಎಂದು ಬ್ರೇಕಕ್ಕ ಹೇಳಿದಳು. ವ್ಯಾನು ಖಾಲಿ ನಿಂತಿದೆ, ಇವತ್ತೇ ಹೋಗೋಣ ಎಂದು ಹೆಂಗಸು ಡ್ರೈವರ್ ಸೀಟಿನಲ್ಲಿ ಕೂತಳು.

ಹೆದ್ದಾರಿ ಸೇರುವ ಮೊದಲು ಒಂದು ಅಗಲವಾದ ಜಾಗವಿದೆ. ಲಾರಿಗಳು ನಿಲ್ಲುವ ಕಡೆ. ಅಲ್ಲಿ ನಿಲ್ಲಿಸಿ, ಕನ್ನಡಿ ಸರಿ ಮಾಡಿಕೊಳ್ಳಲು ಬ್ರೇಕಕ್ಕ ಹೇಳಿದಳು. ಹೆಂಗಸು ಕನ್ನಡಿ ಸರಿ ಮಾಡಿಕೊಂಡಳು. ಬೆಲ್ಟು ಎಳೆದು ನೋಡಿದಳು. ಆದರೆ ಕಾರು ಹೊರಡಿಸಲಿಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ನೇರ ಮುಂದೆ ನೋಡುತ್ತ ಕೇಳಿದಳು.

"ಆವತ್ತು ಯಾಕೆ ಒತ್ತಿದ್ರಿ?"

ಇಷ್ಟು ತಿಂಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ವಿಚಾರಣೆಯಲ್ಲಿ ವೇಗ ಕೇಳಿದ್ದರು, ಅಂತರ ಕೇಳಿದ್ದರು, ಎಷ್ಟು ಸೆಕೆಂಡು ಎಂದೂ ಕೇಳಿದ್ದರು. ಯಾಕೆ ಎಂದು ಕೇಳಿರಲಿಲ್ಲ. ಬೆಳಿಗ್ಗೆ ಕನ್ನಡಿ ಒಡೆದಿತ್ತು, ತಲೆ ಕೆಟ್ಟಿತ್ತು ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದು ನಿಜವೂ ಹೌದು. ಆದರೂ ಈ ಹೆಂಗಸಿನ ಮುಂದೆ ಅದನ್ನು ಇಟ್ಟರೆ, ತನ್ನ ಪಾಲಿನಿಂದ ಒಂದು ತುಂಡನ್ನು ಯಾರೋ ಬಿಳಿ ಕಾರಿನವನ ತಲೆಗೆ ಕಟ್ಟಿದ ಹಾಗೆ ಎನ್ನಿಸಿತು.

"ದೊಡ್ಡ ಕಾರಣ ಏನೂ ಇರಲಿಲ್ಲ," ಎಂದಳು. "ಅವರು ನನ್ನ ದಾಟಿ ಹೋಗೋದು ನನಗೆ ಇಷ್ಟ ಆಗಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಹೆಂಗಸು ಒಂದು ಸಲ ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಬ್ರೇಕಕ್ಕ ಕೈ ಕಟ್ಟಿ ಕೂತಿದ್ದಳು. ಕ್ಷಮಿಸಿ ಎನ್ನಬೇಕೆನಿಸಿತು. ಅದನ್ನು ಹೇಳಿ ಈ ಹೆಂಗಸಿನಿಂದ ಉತ್ತರ ಬಯಸುವುದು ಇನ್ನೊಂದು ಅನ್ಯಾಯ ಎಂದು ನುಂಗಿಕೊಂಡಳು.

"ಹದಿನಾಲ್ಕು ಅಂಗಡಿ," ಎಂದಳು ಹೆಂಗಸು ಕೊನೆಗೆ, ಮೂಗು ಒರೆಸಿಕೊಂಡು. "ಬೆಳಿಗ್ಗೆ ಎಂಟರೊಳಗೆ ಮುಗೀಬೇಕಂತೆ. ಮಿತಿಯಲ್ಲೇ ಹೋದ್ರೆ ಆಗುತ್ತಾ?"

ಯಾವ ಯಾವ ಅಂಗಡಿ, ಯಾವ ಕ್ರಮದಲ್ಲಿ ಎಂದು ಬ್ರೇಕಕ್ಕ ಕೇಳಿದಳು. ಅವಳು ಹೇಳಿದಳು. ಅದರಲ್ಲಿ ಎರಡನ್ನು ಹಿಂದುಮುಂದು ಮಾಡಿದರೆ ಹೆದ್ದಾರಿಯ ಓಟ ಒಂದು ಸಲ ಉಳಿಯುತ್ತದೆ, ಅವಸರವಿಲ್ಲದೆ ಆಗುತ್ತದೆ ಎಂದು ಬ್ರೇಕಕ್ಕ ಲೆಕ್ಕ ಹಾಕಿ ತಿಳಿಸಿದಳು. ಹೆಂಗಸು ಅದನ್ನು ಮನಸ್ಸಿನಲ್ಲೇ ಎರಡು ಸಲ ಓಡಿಸಿ ನೋಡಿದಂತಿತ್ತು. ತಲೆಯಾಡಿಸಿದಳು. ಆಮೇಲೆ ಇಂಡಿಕೇಟರ್ ಹಾಕಿ, ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ, ಹೋಗ್ಬಹುದಾ ಎಂದು ಕೇಳಿದಳು.

ಹೋಗಿ ಎಂದಳು ಬ್ರೇಕಕ್ಕ.